ಕಡಲಾಳದ ತಂತಿಗೆ ವೇಗ ಕೊಟ್ಟ ಗುಸ್ತಾಫ್ ಎಲ್ಮೆನ್

1924ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಅಟ್ಲಾಂಟಿಕ್ ಸಾಗರದ ನಡುವಿನ ಅಜೋರ್ಸ್ ದ್ವೀಪಗಳವರೆಗೆ ಹೊಸದೊಂದು ತಂತಿ ಕೇಬಲ್ ಹಾಕಲಾಯಿತು. ಉದ್ದ ಸುಮಾರು 2,300 ನಾಟಿಕಲ್ ಮೈಲಿ. ಹೊರನೋಟಕ್ಕೆ ಹಳೆಯ ಕೇಬಲ್‌ಗಳಿಗೂ ಇದಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಒಳಗೆ ಅದೇ ತಾಮ್ರ, ಅದರ ಮೇಲೆ ಅದೇ ಗಟಾಪರ್ಚಾ ಹೊದಿಕೆ, ಎಲ್ಲಕ್ಕಿಂತ ಹೊರಗೆ ಅದೇ ಲೋಹದ ಕವಚ. ಆದರೆ ಪರೀಕ್ಷೆಗೆ ಕುಳಿತ ಎಂಜಿನಿಯರುಗಳು ಈ ತಂತಿಯಲ್ಲಿ ನಿಮಿಷಕ್ಕೆ 1,900ಕ್ಕೂ ಹೆಚ್ಚು ಅಕ್ಷರಗಳನ್ನು ಸಾಗಿಸಿದರು. ಅಷ್ಟೇ ಉದ್ದದ, ಅಷ್ಟೇ ದಪ್ಪದ ಹಳೆಯ ಕೇಬಲ್‌ನ ಸಾಮರ್ಥ್ಯ ಇದರ ಕಾಲುಭಾಗದಷ್ಟು ಮಾತ್ರ.

ವ್ಯತ್ಯಾಸ ಅಡಗಿದ್ದುದು ತಾಮ್ರಕ್ಕೂ ಗಟಾಪರ್ಚಾಕ್ಕೂ ನಡುವೆ. ತಾಮ್ರದ ಸುತ್ತ, ಮೂರು ಮಿಲಿಮೀಟರ್ ಅಗಲದ, 0.15 ಮಿಲಿಮೀಟರ್ ದಪ್ಪದ ಲೋಹದ ಪಟ್ಟಿಯೊಂದನ್ನು ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ಸುತ್ತಲಾಗಿತ್ತು. ನಿಕ್ಕಲ್ ಮತ್ತು ಕಬ್ಬಿಣ ಬೆರೆತ ಆ ಲೋಹದ ಹೆಸರು ಪರ್ಮಲಾಯ್. ಅದನ್ನು ರೂಪಿಸಿದವರು ಗುಸ್ತಾಫ್ ವಾಲ್ಡೆಮಾರ್ ಎಲ್ಮೆನ್.

ಲೋಹದ ಹೆಸರು ಇಂದಿಗೂ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿದೆ. ಲೋಹಕ್ಕೆ ದಕ್ಕಿದಷ್ಟು ಪ್ರಸಿದ್ಧಿ ಅದನ್ನು ಮಾಡಿದವರಿಗೆ ದಕ್ಕಲಿಲ್ಲ. ದೊಡ್ಡ ಕಂಪನಿಗಳ ಪ್ರಯೋಗಾಲಯಗಳಲ್ಲಿ ಬದುಕು ಸವೆಸಿದ ಹಲವರ ಪಾಡು ಇದೇ ತಾನೆ.

ಸ್ಟಾಕ್‌ಹೋಮ್‌ನಿಂದ ನೆಬ್ರಾಸ್ಕಕ್ಕೆ

ಎಲ್ಮೆನ್ ಹುಟ್ಟಿದ್ದು 1876ರ ಡಿಸೆಂಬರ್ 22ರಂದು, ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ. 1893ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬಂದರು. ಆ ಕಾಲದಲ್ಲಿ ಸ್ವೀಡನ್ನಿನಿಂದ ಅಮೆರಿಕದ ಬಯಲು ಸೀಮೆಗೆ ವಲಸೆ ಹೋಗುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಎಲ್ಮೆನ್ ಓದಿದ್ದು ಅಂತಹ ಬಯಲು ಸೀಮೆಯಲ್ಲೇ ಇದ್ದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ. 1902ರಲ್ಲಿ ಪದವಿ ಕೈಗೆ ಬರುವಾಗ ವಯಸ್ಸು ಇಪ್ಪತ್ತೈದು. ಎರಡು ವರ್ಷಗಳ ಬಳಿಕ ಸ್ನಾತಕೋತ್ತರ ಪದವಿಯೂ ಆಯಿತು.

1904ರಿಂದ ಎರಡು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ. 1906ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸೇರಿದರು. ಅಮೆರಿಕದ ಬೆಲ್ ಟೆಲಿಫೋನ್ ಸಮೂಹಕ್ಕೆ ಬೇಕಾದ ಉಪಕರಣಗಳನ್ನೆಲ್ಲ ತಯಾರಿಸುತ್ತಿದ್ದ ಸಂಸ್ಥೆ ಅದು. ಅದರ ಎಂಜಿನಿಯರಿಂಗ್ ವಿಭಾಗವೇ ಮುಂದೆ 1925ರಲ್ಲಿ ಬೆಲ್ ಟೆಲಿಫೋನ್ ಲ್ಯಾಬೊರೇಟರೀಸ್ ಆಯಿತು. ಪರ್ಮಲಾಯ್ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತೆಂದು ಅನೇಕ ಕಡೆ ಬರೆದಿರುವುದುಂಟು. ಆದರೆ ಲೋಹ ಹುಟ್ಟಿದಾಗ ಆ ಹೆಸರಿನ ಸಂಸ್ಥೆಯೇ ಇರಲಿಲ್ಲ. ಒಂದೇ ಉದ್ಯೋಗದಾತರ ಕೈಕೆಳಗೆ, ಹೆಚ್ಚುಕಡಿಮೆ ಒಂದೇ ಬಗೆಯ ವಸ್ತುಗಳ ಬೆನ್ನುಹತ್ತಿ ಎಲ್ಮೆನ್ ಕಳೆದದ್ದು ಒಟ್ಟು 35 ವರ್ಷ.

ಕಲಸಿಹೋಗುವ ಸಂಕೇತ

ಎಲ್ಮೆನ್ ಅವರ ಲೋಹ ಯಾವ ಸಮಸ್ಯೆಯನ್ನು ಬಗೆಹರಿಸಿತು ಎಂಬುದು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಅಟ್ಲಾಂಟಿಕ್‌ನ ಅಡಿಯಲ್ಲಿ ಮೊದಲ ತಂತಿ ಕೇಬಲ್ ಕೆಲಸ ಮಾಡಿದ್ದು 1858ರ ಆಗಸ್ಟ್‌ನಲ್ಲಿ. ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಕೆಲವೇ ವಾರಗಳಲ್ಲಿ ಆ ಕೇಬಲ್ ಸತ್ತೂ ಹೋಯಿತು. 1866ರಲ್ಲಿ ಹಾಕಿದ ಕೇಬಲ್ ಉಳಿದುಕೊಂಡಿತಾದರೂ ನಿಧಾನಗತಿಯ ಸಮಸ್ಯೆ ಉಳಿದೇ ಇತ್ತು.

ಕಾರಣ ಕೇಬಲ್‌ನ ರಚನೆಯಲ್ಲೇ ಇದೆ. ಒಳಗೆ ತಾಮ್ರ, ನಡುವೆ ವಿದ್ಯುತ್ ಹರಿಯಗೊಡದ ಗಟಾಪರ್ಚಾ, ಹೊರಗೆ ಉಪ್ಪುನೀರು. ಇಡೀ ಕೇಬಲ್ ಸಾವಿರಾರು ಮೈಲಿ ಉದ್ದದ ಒಂದು ಕೆಪಾಸಿಟರ್ ಇದ್ದಂತೆ. ಈ ತುದಿಯಲ್ಲಿ ಕೊಟ್ಟ ವಿದ್ಯುತ್ ಮೊದಲು ಕೇಬಲ್ಲನ್ನು ತುಂಬಬೇಕು, ಆಮೇಲೆ ಆ ತುದಿಯಲ್ಲಿ ಕಾಣಿಸಿಕೊಳ್ಳಬೇಕು. ಅಲ್ಲಿಗೆ ತಲಪುವ ಹೊತ್ತಿಗೆ ಚೂಪಾಗಿದ್ದ ಸಂಕೇತ ಅಗಲವಾಗಿ ಹರಡಿಕೊಂಡಿರುತ್ತದೆ. ಒಂದರ ಬಾಲ ಅಳಿಯುವ ಮೊದಲೇ ಇನ್ನೊಂದನ್ನು ಕಳಿಸಿದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ತಂತಿ ಗುಮಾಸ್ತ ತಾಳ್ಮೆಯಿಂದ ಕಾಯಬೇಕು. ಇದರ ಗಣಿತವನ್ನು ಮೊದಲು ಬಿಡಿಸಿದವರು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್. ಕೇಬಲ್‌ನ ಉದ್ದ ಎರಡು ಪಟ್ಟಾದರೆ ಸಂಕೇತದ ವಿಳಂಬ ನಾಲ್ಕು ಪಟ್ಟಾಗುತ್ತದೆ ಎಂಬುದು ಅವರ ಲೆಕ್ಕ.

ಪರಿಹಾರದ ದಾರಿ ತೋರಿದವರು ಇಂಗ್ಲಿಷ್ ವಿಜ್ಞಾನಿ ಆಲಿವರ್ ಹೆವಿಸೈಡ್. ಕೇಬಲ್‌ಗೆ ಇಂಡಕ್ಟೆನ್ಸ್ ಸೇರಿಸಿದರೆ, ಅಂದರೆ ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು ಹೆಚ್ಚಿಸಿದರೆ, ಸಂಕೇತ ಹರಡದೆ ತನ್ನ ಆಕಾರ ಉಳಿಸಿಕೊಳ್ಳುತ್ತದೆ ಎಂದು 1887ರಲ್ಲಿ ಅವರು ತೋರಿಸಿಕೊಟ್ಟರು. ಆಗ ಅದನ್ನು ಕೇಳಿಸಿಕೊಂಡವರು ಕಡಿಮೆ. 1900ರ ಸುಮಾರಿಗೆ ಅಮೆರಿಕದಲ್ಲಿ ಮೈಕೆಲ್ ಪ್ಯುಪಿನ್ ನಿರ್ದಿಷ್ಟ ಅಂತರದಲ್ಲಿ ತಂತಿ ಸುರುಳಿಗಳನ್ನು ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನೆಲದ ಮೇಲಿನ ಟೆಲಿಫೋನ್ ಮಾರ್ಗಗಳಿಗೆ ಅದು ವರವಾಯಿತು. ಆದರೆ ಅಲ್ಲಲ್ಲಿ ಗಂಟು ಗಂಟಾಗಿ ಉಬ್ಬಿದ ಕೇಬಲ್ಲನ್ನು ಮೂರು ನಾಲ್ಕು ಕಿಲೋಮೀಟರ್ ಆಳದ ಸಾಗರಕ್ಕೆ ಇಳಿಸುವುದು ಸುಲಭದ ಮಾತಲ್ಲ. ಡೆನ್ಮಾರ್ಕಿನ ಕಾರ್ಲ್ ಕ್ರಾರುಪ್ ಬೇರೆ ಉಪಾಯ ಹೂಡಿದರು. ತಾಮ್ರದ ಮೇಲೆ ಉದ್ದಕ್ಕೂ ಕಬ್ಬಿಣದ ತೆಳುತಂತಿ ಸುತ್ತಿದ ಟೆಲಿಫೋನ್ ಕೇಬಲ್ಲನ್ನು 1902ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಕಿರಿದಾದ ಜಲಸಂಧಿಯಲ್ಲಿ ಹಾಕಿಸಿದರು.

ಕ್ರಾರುಪ್ ಉಪಾಯ ಸರಿಯಾಗಿತ್ತು. ಆದರೆ ಸಾಗರದಷ್ಟು ದೂರಕ್ಕೆ ಕಬ್ಬಿಣ ಸಾಲದು. ಸಾವಿರಾರು ಮೈಲಿ ಸಾಗಿ ಬಂದ ಸಂಕೇತದ ವಿದ್ಯುತ್ತು ತೀರ ಕ್ಷೀಣ. ಅದು ಹುಟ್ಟಿಸುವ ಕಾಂತಕ್ಷೇತ್ರವೂ ಅಷ್ಟೇ ಕ್ಷೀಣ. ಕಬ್ಬಿಣ ಬಲವಾದ ಕಾಂತಕ್ಷೇತ್ರಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ, ಕ್ಷೀಣ ಕ್ಷೇತ್ರಕ್ಕೆ ಸ್ವಲ್ಪ ಮಾತ್ರ. ಬೇಕಾಗಿದ್ದುದು ಪಿಸುಮಾತಿಗೂ ಓಗೊಡುವ ಲೋಹ. ಹೀಗೆ ಓಗೊಡುವ ಗುಣಕ್ಕೆ ಪರ್ಮಿಯಬಿಲಿಟಿ ಎಂದು ಹೆಸರು. ಕನ್ನಡದಲ್ಲಿ ಕಾಂತವ್ಯಾಪ್ಯತೆ ಎನ್ನಬಹುದು.

ಕಬ್ಬಿಣದ ಶಾಸ್ತ್ರ ಸುಳ್ಳಾದಾಗ

ನಿಕ್ಕಲ್ ಮತ್ತು ಕಬ್ಬಿಣವನ್ನು ಬೆರೆಸಿ ನೋಡಿದವರಲ್ಲಿ ಎಲ್ಮೆನ್ ಮೊದಲಿಗರೇನಲ್ಲ. ಶೇ. 25ರಷ್ಟು ನಿಕ್ಕಲ್ ಇರುವ ಉಕ್ಕು ಸಾಮಾನ್ಯ ಉಷ್ಣತೆಯಲ್ಲಿ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲವೆಂಬ ವಿಚಿತ್ರವನ್ನು ಬ್ರಿಟನ್ನಿನ ಜಾನ್ ಹಾಪ್ಕಿನ್‌ಸನ್ 1880ರ ದಶಕದ ಕೊನೆಯಲ್ಲೇ ದಾಖಲಿಸಿದ್ದರು. ಶೇ. 36ರಷ್ಟು ನಿಕ್ಕಲ್ ಇರುವ ಇನ್ವಾರ್ ಎಂಬ ಮಿಶ್ರಲೋಹ ಬಿಸಿಗೆ ಹಿಗ್ಗುವುದು ಅತಿ ಕಡಿಮೆ ಎಂದು ಕಂಡುಕೊಂಡ ಶಾರ್ಲ್ ಗಿಯೋಮ್ ಅವರಿಗೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಹೀಗೆ ಈ ಜೋಡಿ ಲೋಹಗಳ ನಂಟು ವಿಜ್ಞಾನಿಗಳಿಗೆ ಅಪರಿಚಿತವಾಗಿರಲಿಲ್ಲ.

ಆದರೂ ಕಾಂತಗುಣದ ದೃಷ್ಟಿಯಿಂದ ಈ ದಾರಿ ಅಷ್ಟು ಆಶಾದಾಯಕವಾಗಿ ಕಾಣುತ್ತಿರಲಿಲ್ಲ. ನಿಕ್ಕಲ್ ಸಹ ಅಯಸ್ಕಾಂತಕ್ಕೆ ಅಂಟುವ ಲೋಹವೇ, ಆದರೆ ಕಬ್ಬಿಣದ ಮುಂದೆ ದುರ್ಬಲ. ದುರ್ಬಲವಾದದ್ದನ್ನು ಬಲವಾದದ್ದಕ್ಕೆ ಸೇರಿಸಿದರೆ ಲಾಭವೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಲೋಹವೊಂದು ಒಟ್ಟು ಎಷ್ಟು ಕಾಂತತ್ವವನ್ನು ತಾಳಬಲ್ಲದು ಎಂಬುದು ಒಂದು ಪ್ರಶ್ನೆ, ಅದು ಎಷ್ಟು ಸುಲಭವಾಗಿ ಕಾಂತವಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಬ್ಬಿಣವೇ ಮುಂದು. ಟೆಲಿಫೋನ್ ಕಂಪನಿಗೆ ಬೇಕಾಗಿದ್ದುದು ಎರಡನೆಯದು.

ಎಲ್ಮೆನ್ ಈ ಎರಡನೆಯ ಪ್ರಶ್ನೆಯನ್ನು ಹಿಡಿದು ಕುಳಿತರು. ನಿಕ್ಕಲ್‌ನ ಪ್ರಮಾಣವನ್ನು ಹಂತಹಂತವಾಗಿ ಬದಲಿಸುತ್ತಾ ಮಾದರಿಗಳನ್ನು ಎರಕ ಹೊಯ್ಯಿಸುವುದು, ಕಾಯಿಸುವುದು, ತಣಿಸುವುದು, ಅಳೆಯುವುದು. 1914ರ ಹೊತ್ತಿಗೆ ಅಪರೂಪದ ಫಲಿತಾಂಶ ಕಾಣಿಸಿಕೊಂಡಿತು. ನಿಕ್ಕಲ್ ಶೇ. 80ರ ಆಸುಪಾಸಿನಲ್ಲಿದ್ದಾಗ ಕ್ಷೀಣ ಕಾಂತಕ್ಷೇತ್ರದಲ್ಲಿ ಲೋಹದ ಪ್ರತಿಕ್ರಿಯೆ ಒಮ್ಮೆಲೇ ಜಿಗಿಯುತ್ತಿತ್ತು. ಕೊನೆಗೆ ಅತ್ಯುತ್ತಮವೆಂದು ನಿಂತ ಪ್ರಮಾಣ ನಿಕ್ಕಲ್ 78.5, ಕಬ್ಬಿಣ 21.5. ಈ ಲೋಹದ ಆರಂಭಿಕ ಕಾಂತವ್ಯಾಪ್ಯತೆ ಉತ್ತಮ ಮೆದುಕಬ್ಬಿಣದ ಮೂವತ್ತು ಪಟ್ಟಿಗೂ ಹೆಚ್ಚಿತ್ತು. ಪರ್ಮಿಯಬಿಲಿಟಿ ಮತ್ತು ಅಲಾಯ್ ಎಂಬ ಎರಡು ಪದಗಳನ್ನು ಬೆಸೆದು ಅದಕ್ಕೆ ಪರ್ಮಲಾಯ್ ಎಂದು ಹೆಸರಿಟ್ಟರು.

ಇಷ್ಟೇ ಆಗಿದ್ದರೆ ಇದು ಬೆರಕೆಯ ಲೆಕ್ಕವಷ್ಟೇ ಆಗುತ್ತಿತ್ತು. ನಿಜವಾದ ಬೆರಗು ಇರುವುದು ತಣಿಸುವ ಕ್ರಮದಲ್ಲಿ.

ಕಬ್ಬಿಣವನ್ನು ಕಾಂತಕಾರ್ಯಕ್ಕೆ ಹದಗೊಳಿಸುವವರೆಲ್ಲ ಪಾಲಿಸುತ್ತಿದ್ದ ನಿಯಮ ಒಂದೇ: ಚೆನ್ನಾಗಿ ಕಾಯಿಸು, ಆದಷ್ಟೂ ನಿಧಾನವಾಗಿ ತಣಿಸು. ನಿಧಾನವಾಗಿ ತಣಿದಷ್ಟೂ ಲೋಹದೊಳಗಿನ ಬಿಗುವು ಕರಗಿ ಅದು ಮೆತ್ತಗಾಗುತ್ತದೆ. ಈ ನಿಯಮವನ್ನೇ ಕಣ್ಣುಮುಚ್ಚಿ ಅನುಸರಿಸಿದ್ದರೆ ಪರ್ಮಲಾಯ್ ಕೈಗೆ ಸಿಗುತ್ತಿರಲಿಲ್ಲ. ಶೇ. 78.5ರ ಮಿಶ್ರಲೋಹವನ್ನು ಕೊನೆಯವರೆಗೂ ನಿಧಾನವಾಗಿ ತಣಿಸಿದರೆ ಅದು ತನ್ನ ಗುಣದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಎರಡು ಹಂತದ ಉಪಚಾರ. ಮೊದಲು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಮೆಲ್ಲಗೆ ತಣಿಸುವುದು. ಆಮೇಲೆ ಮತ್ತೆ 600 ಡಿಗ್ರಿಗೆ ಕಾಯಿಸಿ, ಕುಲುಮೆಯಿಂದ ಹೊರಗೆಳೆದು, ತಣ್ಣನೆಯ ತಾಮ್ರದ ಹಲಗೆಯ ಮೇಲೆ ಇಟ್ಟು ಬೇಗ ಆರಿಸುವುದು.

ಪಾಕ ಮಾಡುವವರಿಗೆ ಈ ಮಾತು ಬೇಗ ಅರ್ಥವಾದೀತು. ಮೈಸೂರುಪಾಕಿಗೆ ಬೇಕಾದ ಕಡಲೆಹಿಟ್ಟು, ಸಕ್ಕರೆ, ತುಪ್ಪ ಎಲ್ಲರ ಮನೆಯಲ್ಲೂ ಒಂದೇ. ಒಲೆಯಿಂದ ಇಳಿಸುವ ಗಳಿಗೆ ತಪ್ಪಿದರೆ ಮಾತ್ರ ಒಬ್ಬರದು ಕಲ್ಲಾಗುತ್ತದೆ, ಇನ್ನೊಬ್ಬರದು ಹಲ್ವವಾಗುತ್ತದೆ. ಪರ್ಮಲಾಯ್‌ನ ಗುಟ್ಟು ಅಳತೆಯಲ್ಲಿ ಅರ್ಧ, ಹದದಲ್ಲಿ ಅರ್ಧ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಆಗ ಉತ್ತರವಿರಲಿಲ್ಲ. ಉತ್ತರ ಬಿಡಿಬಿಡಿಯಾಗಿ ದಶಕಗಳ ಅವಧಿಯಲ್ಲಿ ಬಂತು. ಕಾಂತವಾಗುವಾಗ ಲೋಹಗಳು ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ನಿಕ್ಕಲ್ ಶೇ. 81ರ ಹತ್ತಿರವಿದ್ದಾಗ ಈ ಹಿಗ್ಗು ಕುಗ್ಗು ಸೊನ್ನೆಯಾಗುತ್ತದೆ ಎಂಬುದನ್ನು ಎಲ್ಮೆನ್ ಅವರ ಸಹೋದ್ಯೋಗಿಗಳಾದ ಮೆಕೀಹನ್ ಮತ್ತು ಚಿಯೋಫಿ 1926ರಲ್ಲಿ ಅಳೆದು ತೋರಿಸಿದರು. ಕಾಂತತ್ವಕ್ಕೆ ಒಳಗಿನಿಂದ ಎದುರಾಗುವ ದೊಡ್ಡ ಅಡ್ಡಿಯೊಂದು ಅಲ್ಲಿ ಇಲ್ಲವಾಗುತ್ತದೆ. ನಿಧಾನವಾಗಿ ತಣಿದಾಗ ಮೂರು ನಿಕ್ಕಲ್ ಪರಮಾಣುಗಳಿಗೆ ಒಂದು ಕಬ್ಬಿಣದಂತೆ ಅವು ಸಾಲಾಗಿ, ಶಿಸ್ತಾಗಿ ಜೋಡಿಕೊಳ್ಳುತ್ತವೆ. ಈ ಶಿಸ್ತೇ ಕಾಂತವ್ಯಾಪ್ಯತೆಗೆ ಕುತ್ತು. ಬೇಗ ತಣಿಸಿದರೆ ಹಾಗೆ ಜೋಡಿಕೊಳ್ಳಲು ಪರಮಾಣುಗಳಿಗೆ ಸಮಯವೇ ಸಿಗದು. ಎಲ್ಮೆನ್ ಮಾತ್ರ ಇದಾವುದೂ ತಿಳಿಯದ ಕಾಲದಲ್ಲಿ, ಬರೀ ಅಳತೆಗಳ ಬೆಂಬಲದಿಂದ ಸರಿಯಾದ ಜಾಗಕ್ಕೆ ಬಂದು ಮುಟ್ಟಿದ್ದರು.

ಈ ಲೋಹದ ಸೂಕ್ಷ್ಮತೆ ಎಷ್ಟೆಂದರೆ ಭೂಮಿಯ ಕಾಂತಕ್ಷೇತ್ರವೇ ಅದಕ್ಕೆ ಸಾಕು. ಉದ್ದನೆಯ ಪರ್ಮಲಾಯ್ ಸರಳನ್ನು ಭೂಕಾಂತದ ದಿಕ್ಕಿಗೆ ಹಿಡಿದರೆ ಅದು ತಾನಾಗಿಯೇ ಅಯಸ್ಕಾಂತವಾಗಿ ಸಣ್ಣ ಕಬ್ಬಿಣದ ಚೂರುಗಳನ್ನು ಎತ್ತಬಲ್ಲದು. ಪೂರ್ವ-ಪಶ್ಚಿಮಕ್ಕೆ ತಿರುಗಿಸಿದರೆ ಆ ಶಕ್ತಿ ಮಾಯ.

ಕೇಬಲ್ ಆದ ಬಗೆ

ಪ್ರಯೋಗಾಲಯದ ತುಣುಕಿನಿಂದ ಸಾಗರದ ಕೇಬಲ್‌ವರೆಗಿನ ದಾರಿ ಹತ್ತು ವರ್ಷದ್ದು. ಎಲ್ಮೆನ್ ಮತ್ತು ಅವರ ಮೇಲಧಿಕಾರಿ, ಭೌತವಿಜ್ಞಾನಿ ಹೆರಾಲ್ಡ್ ಅರ್ನಾಲ್ಡ್ ಜತೆಯಾಗಿ ಪರ್ಮಲಾಯ್ ಕುರಿತ ಪ್ರಬಂಧ ಪ್ರಕಟಿಸಿದ್ದು 1923ರಲ್ಲಿ, ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸಂಸ್ಥೆಯ ಪತ್ರಿಕೆಯಲ್ಲಿ. ಕಂಡುಹಿಡಿದು ಸುಮಾರು ಒಂಬತ್ತು ವರ್ಷಗಳ ಬಳಿಕವಷ್ಟೇ ಹೊರಜಗತ್ತಿಗೆ ಅದರ ವಿವರ ಸಿಕ್ಕಿತು.

ಕೇಬಲ್‌ನ ವಿನ್ಯಾಸದ ಹೊಣೆ ಹೊತ್ತವರು ಆಲಿವರ್ ಬಕ್ಲಿ. ಮುಂದೆ ಬೆಲ್ ಪ್ರಯೋಗಾಲಯದ ಅಧ್ಯಕ್ಷರೂ ಆದವರು ಇವರೇ. ಆದ್ದರಿಂದ ಕೇಬಲ್‌ನ ಕೀರ್ತಿಯನ್ನು ಎಲ್ಮೆನ್ ಒಬ್ಬರಿಗೇ ಕಟ್ಟುವುದು ಸರಿಯಲ್ಲ. ಬಕ್ಲಿ ಅವರ ಮುಂದಿದ್ದ ಕಷ್ಟ ಸಣ್ಣದಾಗಿರಲಿಲ್ಲ. ಪರ್ಮಲಾಯ್ ನಾಜೂಕಿನ ಲೋಹ. ಹದಗೊಳಿಸಿದ ಮೇಲೆ ಅದನ್ನು ಬಗ್ಗಿಸಿದರೆ, ಎಳೆದರೆ, ಬಡಿದರೆ ಗಳಿಸಿದ ಗುಣವೆಲ್ಲ ಸೋರಿಹೋಗುತ್ತದೆ. ಹಾಗಿರುವಾಗ ಪಟ್ಟಿಯನ್ನು ಮೊದಲೇ ಹದಗೊಳಿಸಿ ತಾಮ್ರದ ಮೇಲೆ ಸುತ್ತುವಂತಿಲ್ಲ. ಆದ್ದರಿಂದ ಮೊದಲು ಸುತ್ತಿ, ಬಳಿಕ ತಾಮ್ರದ ಸಮೇತ ಕುಲುಮೆಗೆ ಒಡ್ಡುವುದೆಂದು ತೀರ್ಮಾನವಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಸಾಗರದ ತಳದಲ್ಲಿ ನೀರಿನ ಒತ್ತಡ ಅಗಾಧ. ಗಟಾಪರ್ಚಾ ಆ ಒತ್ತಡವನ್ನು ನೇರವಾಗಿ ಪಟ್ಟಿಯ ಮೇಲೆ ಹೇರಿದರೆ ಪಟ್ಟಿಯ ಒಂದೊಂದು ಸುತ್ತೂ ಒಂದೊಂದು ರೀತಿ ನಲುಗುತ್ತದೆ. ಅದಕ್ಕಾಗಿ ಪಟ್ಟಿಯ ಸಂದುಗೊಂದುಗಳಲ್ಲಿ ಗಾಳಿ ತೆಗೆದು, ಜಿಗುಟಾದ ದ್ರವವೊಂದನ್ನು ತುಂಬಿದರು. ಒತ್ತಡ ಎಲ್ಲ ಕಡೆಯಿಂದಲೂ ಸಮನಾಗಿ ಬಿದ್ದಾಗ ಲೋಹಕ್ಕೆ ನೋವಾಗುವುದಿಲ್ಲ. ಪುಟ್ಟ ಉಪಾಯ, ಆದರೆ ಇದಿಲ್ಲದಿದ್ದರೆ ಕೇಬಲ್ ಕಡಲಿಗೆ ಇಳಿಯುತ್ತಲೇ ಸೋಲುತ್ತಿತ್ತು.

1923ರ ಶರತ್ಕಾಲದಲ್ಲಿ ಬರ್ಮುಡ ದ್ವೀಪದ ಬಳಿ ಸುಮಾರು 120 ಮೈಲಿ ಉದ್ದದ ಕೇಬಲ್ಲನ್ನು ಆಳದ ನೀರಿಗೆ ಇಳಿಸಿ ಪರೀಕ್ಷೆ ಮಾಡಲಾಯಿತು. ಲೆಕ್ಕ ಸರಿಬಂತು. ಮರುವರ್ಷವೇ ವೆಸ್ಟರ್ನ್ ಯೂನಿಯನ್ ಕಂಪನಿ ನ್ಯೂಯಾರ್ಕ್-ಅಜೋರ್ಸ್ ಕೇಬಲ್ ಹಾಕಿಸಿತು. ಅದನ್ನು ತಯಾರಿಸಿದ್ದು ಇಂಗ್ಲೆಂಡಿನ ಗ್ರೀನಿಚ್‌ನಲ್ಲಿದ್ದ ಟೆಲಿಗ್ರಾಫ್ ಕನ್‌ಸ್ಟ್ರಕ್ಷನ್ ಅಂಡ್ ಮೇಂಟೆನೆನ್ಸ್ ಕಂಪನಿ. ಕೇಬಲ್ ಎಷ್ಟು ಚುರುಕಾಗಿತ್ತೆಂದರೆ ಅದರ ಎರಡೂ ತುದಿಗಳ ಹಳೆಯ ಯಂತ್ರಗಳು ಆ ವೇಗಕ್ಕೆ ಸಾಲದಾದವು. ಹೊಸ ಆಂಪ್ಲಿಫೈಯರುಗಳನ್ನೂ ಹೊಸ ಮುದ್ರಣಯಂತ್ರಗಳನ್ನೂ ಹೊಂದಿಸಬೇಕಾಯಿತು. ಒಂದು ಕೊರತೆಯೂ ಇತ್ತು. ಹಳೆಯ ಕೇಬಲ್‌ಗಳಲ್ಲಿ ಏಕಕಾಲಕ್ಕೆ ಎರಡೂ ದಿಕ್ಕಿಗೆ ಸಂದೇಶ ಕಳಿಸುವ ವ್ಯವಸ್ಥೆಯಿತ್ತು, ಇದರಲ್ಲಿ ಅದು ಕಷ್ಟವಾಗಿ ಒಂದು ಹೊತ್ತಿಗೆ ಒಂದೇ ದಿಕ್ಕಿಗೆ ಕಳಿಸಬೇಕಾಯಿತು. ಹಾಗಿದ್ದೂ ಒಟ್ಟಾರೆ ಲಾಭವೇ ಹೆಚ್ಚು.

ಸ್ಪರ್ಧಿಗಳು ಸುಮ್ಮನಿರಲಿಲ್ಲ. 1923ರಲ್ಲೇ, ಅದೇ ಗ್ರೀನಿಚ್ ಕಂಪನಿಯ ವಿಲ್ಲಫ್ಬಿ ಸ್ಮಿತ್ ಮತ್ತು ಹೆನ್ರಿ ಗಾರ್ನೆಟ್, ನಿಕ್ಕಲ್-ಕಬ್ಬಿಣಕ್ಕೆ ತಾಮ್ರವನ್ನೂ ಬೆರೆಸಿ ಮ್ಯೂಮೆಟಲ್ ಎಂಬ ಮಿಶ್ರಲೋಹ ಮಾಡಿದರು. ಅದು ಪರ್ಮಲಾಯ್‌ಗಿಂತ ಸುಲಭವಾಗಿ ಎಳೆಯಾಗುತ್ತಿತ್ತು. ಅಮೆರಿಕದ ವೆಸ್ಟಿಂಗ್‌ಹೌಸ್‌ನಲ್ಲಿ ಟ್ರಿಗ್ವೆ ಯೆನ್ಸನ್ ಅರ್ಧ ನಿಕ್ಕಲ್, ಅರ್ಧ ಕಬ್ಬಿಣದ ಹೈಪರ್ನಿಕ್ ತಂದರು. ಎಲ್ಮೆನ್ ತೆರೆದ ಬಾಗಿಲಿನಿಂದ ಒಂದು ಲೋಹವಲ್ಲ, ಲೋಹಗಳ ಒಂದು ಕುಲವೇ ಹೊರಬಂತು.

ಎಲ್ಮೆನ್ ಅವರಿಗೆ 1927ರಲ್ಲಿ ಜಾನ್ ಸ್ಕಾಟ್ ಪದಕ, 1928ರಲ್ಲಿ ಫ್ರಾಂಕ್ಲಿನ್ ಸಂಸ್ಥೆಯ ಎಲಿಯಟ್ ಕ್ರೆಸನ್ ಪದಕ ಸಂದವು. ಎರಡನೆಯದನ್ನು ಅದೇ ವರ್ಷ ಪಡೆದ ಇನ್ನೊಬ್ಬರು ಮೋಟಾರು ಕಾರಿನ ಹೆನ್ರಿ ಫೋರ್ಡ್.

ಪದಕಗಳಿಗೆ ತೃಪ್ತರಾಗಿ ಎಲ್ಮೆನ್ ಕೂರಲಿಲ್ಲ. ನಿಕ್ಕಲ್-ಕಬ್ಬಿಣಕ್ಕೆ ಕೋಬಾಲ್ಟ್ ಸೇರಿಸಿ ಅವರು ರೂಪಿಸಿದ ಪರ್ಮಿನ್ವಾರ್‌ನ ಕಾಂತವ್ಯಾಪ್ಯತೆ ಕ್ಷೀಣ ಕ್ಷೇತ್ರಗಳಲ್ಲಿ ಹೆಚ್ಚುಕಡಿಮೆಯಾಗದೆ ಒಂದೇ ಸಮ ಇರುತ್ತಿತ್ತು. ಮಾತು ವಿಕಾರವಾಗದೆ ದೂರ ಸಾಗಬೇಕಾದ ಟೆಲಿಫೋನ್ ಕೇಬಲ್‌ಗೆ ಬೇಕಾದ ಗುಣವೇ ಅದು. ಕಬ್ಬಿಣ ಮತ್ತು ಕೋಬಾಲ್ಟ್ ಸಮಸಮವಾಗಿರುವ ಪರ್ಮೆಂಡೂರ್ ಬಲವಾದ ಕಾಂತಕ್ಷೇತ್ರಗಳಲ್ಲಿ ಕೆಲಸಕ್ಕೆ ಬಂತು. ಪರ್ಮಲಾಯನ್ನು ಪುಡಿಮಾಡಿ ಒತ್ತಿ ಮಾಡಿದ ತಿರುಳುಗಳಿಂದ ನೆಲದ ಟೆಲಿಫೋನ್ ಮಾರ್ಗಗಳ ಸುರುಳಿಗಳ ಗಾತ್ರ ಬಹಳ ಕುಗ್ಗಿತು. ಹೆಚ್ಚು ಸುದ್ದಿಯಾಗದಿದ್ದರೂ ಕಂಪನಿಗೆ ಹಣ ಉಳಿಸಿದ್ದು ಬಹುಶಃ ಈ ಪುಡಿಯೇ.

ಅರ್ನಾಲ್ಡ್ ಅವರ ನಿರ್ವಾತ ನಳಿಕೆ

ಕಡಲಿನ ಕೇಬಲ್ಲಿಗೆ ಆಪತ್ತು ಎರಡು ಕಡೆಯಿಂದ ಬಂತು. 1926ರಲ್ಲಿ ಮಾರ್ಕೋನಿ ಕಂಪನಿಯ ಕಿರುತರಂಗ ರೇಡಿಯೋ ಬ್ರಿಟನ್ನನ್ನು ಕೆನಡದೊಂದಿಗೆ ಬೆಸೆಯಿತು. ಮರುವರ್ಷ ಭಾರತಕ್ಕೂ ಆ ಸೇವೆ ಬಂತು. ಕಡಲಿಗೆ ಕೇಬಲ್ ಇಳಿಸುವ ಖರ್ಚಿಲ್ಲದೆ ತಂತಿ ಸಂದೇಶ ಗಾಳಿಯಲ್ಲೇ ಹಾರಿತು. 1927ರ ಜನವರಿಯಲ್ಲಿ ನ್ಯೂಯಾರ್ಕ್-ಲಂಡನ್ ನಡುವೆ ರೇಡಿಯೋ ಮೂಲಕ ಟೆಲಿಫೋನ್ ಸಂಭಾಷಣೆಯೂ ಆರಂಭವಾಯಿತು. ಎಲ್ಮೆನ್ ಅವರ ಪರ್ಮಿನ್ವಾರ್ ಸುತ್ತಿದ ಟೆಲಿಫೋನ್ ಕೇಬಲ್ಲನ್ನು ಅಟ್ಲಾಂಟಿಕ್‌ನಲ್ಲಿ ಹಾಕಲು ಬಕ್ಲಿ ಮತ್ತು ಸಂಗಡಿಗರು ಯೋಜನೆ ಸಿದ್ಧಪಡಿಸಿದ್ದರು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂದೆರಗಿತು. ಯೋಜನೆ ಕಡತದಲ್ಲೇ ಉಳಿಯಿತು.

ಎರಡನೆಯ ಆಪತ್ತು ಬಂದದ್ದು ಮನೆಯೊಳಗಿನಿಂದಲೇ. 1923ರ ಪ್ರಬಂಧದಲ್ಲಿ ಎಲ್ಮೆನ್ ಅವರ ಜತೆ ಹೆಸರು ಹಾಕಿದ್ದ ಹೆರಾಲ್ಡ್ ಅರ್ನಾಲ್ಡ್ ಪರ್ಮಲಾಯ್‌ಗಿಂತ ಮುಂಚಿನಿಂದಲೇ ಇನ್ನೊಂದು ಕೆಲಸದಲ್ಲಿ ತೊಡಗಿದ್ದವರು. ಲೀ ಡಿ ಫಾರೆಸ್ಟ್ ಅವರ ಆಡಿಯಾನ್ ಬಲ್ಬಿನಿಂದ ಗಾಳಿಯನ್ನು ಪೂರ್ತಿ ಹೊರಹಾಕಿ, ಅದನ್ನು ನೆಚ್ಚಬಹುದಾದ ಆಂಪ್ಲಿಫೈಯರ್ ಮಾಡಿದವರು ಅವರು. 1915ರಲ್ಲಿ ನ್ಯೂಯಾರ್ಕ್-ಸ್ಯಾನ್‌ಫ್ರಾನ್ಸಿಸ್ಕೋ ನಡುವೆ ಟೆಲಿಫೋನ್ ಮಾತು ಸಾಧ್ಯವಾದದ್ದು ಈ ನಿರ್ವಾತ ನಳಿಕೆಗಳ ಬಲದಿಂದ. ಸಂಕೇತ ಕೆಡದಂತೆ ಕಾಪಾಡುವುದು ಪರ್ಮಲಾಯ್ ಕೆಲಸ. ದಾರಿಯಲ್ಲಿ ಬಳಲಿದ ಸಂಕೇತಕ್ಕೆ ಮತ್ತೆ ಬಲ ತುಂಬುವುದು ನಳಿಕೆಯ ಕೆಲಸ. ಕಡಲ ತಳದಲ್ಲಿ ರಿಪೇರಿಯಿಲ್ಲದೆ ವರ್ಷಾನುಗಟ್ಟಲೆ ಬಾಳುವ ನಳಿಕೆ ಸಿದ್ಧವಾಗುವವರೆಗೆ ಮೊದಲನೆಯದೇ ದಾರಿಯಾಗಿತ್ತು. 1956ರ ಸೆಪ್ಟೆಂಬರ್ 25ರಂದು ಅಟ್ಲಾಂಟಿಕ್‌ನ ಮೊದಲ ಟೆಲಿಫೋನ್ ಕೇಬಲ್ ಉದ್ಘಾಟನೆಯಾದಾಗ ಅದರಲ್ಲಿ ಪರ್ಮಿನ್ವಾರ್ ಪಟ್ಟಿ ಇರಲಿಲ್ಲ. ಬದಲಾಗಿ ಒಂದೊಂದು ದಿಕ್ಕಿನ ಕೇಬಲ್‌ನಲ್ಲಿ 51 ಆಂಪ್ಲಿಫೈಯರುಗಳಿದ್ದವು, ಅವುಗಳೊಳಗೆ ನಿರ್ವಾತ ನಳಿಕೆಗಳು. 36 ಸಂಭಾಷಣೆಗಳು ಏಕಕಾಲಕ್ಕೆ ನಡೆಯಬಹುದಿತ್ತು. ಅರ್ನಾಲ್ಡ್ 1933ರಲ್ಲೇ ತೀರಿಕೊಂಡಿದ್ದರು. ಎಲ್ಮೆನ್ ಬದುಕಿದ್ದರು, ವಯಸ್ಸು ಎಪ್ಪತ್ತೊಂಬತ್ತು.

ನಿವೃತ್ತಿಯ ನಂತರ

1941ರಲ್ಲಿ ಬೆಲ್ ಪ್ರಯೋಗಾಲಯದಿಂದ ನಿವೃತ್ತರಾದ ಎಲ್ಮೆನ್ ವಿಶ್ರಾಂತಿಗೆ ಹೋಗಲಿಲ್ಲ. ಯುದ್ಧದ ಕಾಲ. ಜರ್ಮನಿ 1939ರಲ್ಲಿ ಕಡಲಿಗೆ ಬಿಟ್ಟ ಕಾಂತೀಯ ನೆಲಬಾಂಬುಗಳು ಹಡಗುಗಳಿಗೆ ಯಮನಾಗಿದ್ದವು. ಉಕ್ಕಿನ ಹಡಗು ಭೂಕಾಂತಕ್ಷೇತ್ರದಲ್ಲಿ ಮೂಡಿಸುವ ಸಣ್ಣ ಏರುಪೇರನ್ನು ಗ್ರಹಿಸಿ ಸಿಡಿಯುವ ಬಾಂಬುಗಳವು. ಸಣ್ಣ ಏರುಪೇರನ್ನು ಗ್ರಹಿಸುವ ವಸ್ತುಗಳ ಬಗ್ಗೆ ಎಲ್ಮೆನ್ ಅವರಷ್ಟು ಬಲ್ಲವರು ಕಡಿಮೆ. ಅಮೆರಿಕದ ನೌಕಾಪಡೆಯ ಆರ್ಡ್‌ನೆನ್ಸ್ ಪ್ರಯೋಗಾಲಯದಲ್ಲಿ ಕಾಂತವಸ್ತುಗಳ ಸಂಶೋಧನೆಯ ನೇತೃತ್ವ ಅವರದಾಯಿತು.

ಇತ್ತ ಬೆಲ್ ಪ್ರಯೋಗಾಲಯದಲ್ಲಿ ಅವರ ಕೆಲಸ ಮುಂದುವರಿದಿತ್ತು. 1947ರಲ್ಲಿ ಬೂತ್ಬಿ ಮತ್ತು ಬೋಜಾರ್ಥ್ ಅಲ್ಲಿ ಸೂಪರ್‌ಮಲಾಯ್ ಪ್ರಕಟಿಸಿದರು. ಶೇ. 79ರಷ್ಟು ನಿಕ್ಕಲ್, ಶೇ. 5ರಷ್ಟು ಮಾಲಿಬ್ಡಿನಂ, ಉಳಿದದ್ದು ಬಹುಪಾಲು ಕಬ್ಬಿಣ. ಮಾಲಿಬ್ಡಿನಂ ಇರುವುದರಿಂದ ತಣಿಸುವ ಗಡಿಬಿಡಿ ಬೇಕಿರಲಿಲ್ಲ, ಗುಣ ಮಾತ್ರ ಇನ್ನೂ ಹಲವು ಪಟ್ಟು ಹೆಚ್ಚಿತ್ತು.

1957ರ ಡಿಸೆಂಬರ್ 10ರಂದು ಎಲ್ಮೆನ್ ನಿಧನರಾದರು. ಎಂಬತ್ತೊಂದು ತುಂಬಲು ಹನ್ನೆರಡು ದಿನ ಬಾಕಿಯಿತ್ತು.

ಅವರು ಯಾವ ಕೆಲಸಕ್ಕಾಗಿ ಲೋಹ ರೂಪಿಸಿದ್ದರೋ ಆ ಕೆಲಸ ಈಗ ಜಗತ್ತಿನ ಯಾವ ಸಾಗರದಲ್ಲೂ ಇಲ್ಲ. ಈಗ ಅಲ್ಲಿರುವುದು ಗಾಜಿನ ಎಳೆಗಳು. ಲೋಹ ಮಾತ್ರ ಬೇರೆ ಬೇರೆ ಮನೆ ಹುಡುಕಿಕೊಂಡಿದೆ. 1979ರಲ್ಲಿ ಐಬಿಎಂ ತನ್ನ ಹಾರ್ಡ್ ಡಿಸ್ಕ್‌ಗಳಿಗೆ ತಂದ ತೆಳುಪದರದ ತಲೆಗಳು ಪರ್ಮಲಾಯ್‌ನವು. ಭೂಗರ್ಭ ಸಮೀಕ್ಷೆಗೂ ಉಪಗ್ರಹಗಳಿಗೂ ಬೇಕಾದ ಫ್ಲಕ್ಸ್‌ಗೇಟ್ ಕಾಂತಮಾಪಕಗಳ ತಿರುಳಿಗೆ ಈ ಕುಲದ ಲೋಹಗಳನ್ನೇ ಬಹುಕಾಲದಿಂದ ನೆಚ್ಚಲಾಗಿದೆ. 2023ರ ಸೆಪ್ಟೆಂಬರ್ 2ರಂದು ಸೂರ್ಯನತ್ತ ಹೊರಟ ಆದಿತ್ಯ-ಎಲ್1 ನೌಕೆಯಲ್ಲಿರುವುದೂ ಫ್ಲಕ್ಸ್‌ಗೇಟ್ ಬಗೆಯ ಕಾಂತಮಾಪಕವೇ, ಅದನ್ನು ಸಿದ್ಧಪಡಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಮನೆಯ ಮೀಟರ್ ಬೋರ್ಡಿನ ಪಕ್ಕದಲ್ಲಿ ಶಾಕ್ ಹೊಡೆಯದಂತೆ ಕಾಯುವ ಆರ್‌ಸಿಸಿಬಿ ಸ್ವಿಚ್ಚಿನೊಳಗೂ ಇಂತಹ ಸೂಕ್ಷ್ಮ ತಿರುಳಿನ ಉಂಗುರವೊಂದಿರುತ್ತದೆ. ಗೀಸರಿನ ತಂತಿಯಿಂದ ಕೇವಲ 30 ಮಿಲಿ ಆಂಪಿಯರ್ ಸೋರಿದರೂ ಅದು ಹುಟ್ಟಿಸುವ ಅತಿ ಕ್ಷೀಣ ಕಾಂತಕ್ಷೇತ್ರಕ್ಕೆ ಆ ಉಂಗುರ ಸ್ಪಂದಿಸಬೇಕು, ಸ್ವಿಚ್ ಕ್ಷಣಾರ್ಧದಲ್ಲಿ ಬೀಳಬೇಕು. ಅನೇಕ ಸ್ವಿಚ್ಚುಗಳಲ್ಲಿ ಆ ಉಂಗುರ ನಿಕ್ಕಲ್-ಕಬ್ಬಿಣದ್ದು, ಇತ್ತೀಚಿನ ಕೆಲವಲ್ಲಿ ಬೇರೆ ಮಿಶ್ರಲೋಹಗಳೂ ಬಂದಿವೆ.

ಸೂಕ್ಷ್ಮ ಉಪಕರಣಗಳನ್ನು ಹೊರಗಿನ ಕಾಂತಕ್ಷೇತ್ರದಿಂದ ಮರೆಮಾಡುವ ಕವಚಗಳಿಗೆ ಮ್ಯೂಮೆಟಲ್ ಹಾಳೆಗಳನ್ನು ಬಳಸುತ್ತಾರೆ. ಅವುಗಳನ್ನು ಕತ್ತರಿಸಿ, ಮಡಿಸಿ, ಬೆಸುಗೆ ಹಾಕಿ ಆಕಾರ ಕೊಟ್ಟ ಮೇಲೆಯೇ ಕೊನೆಯ ಬಾರಿಗೆ ಕುಲುಮೆಗೆ ಇಡುವುದು. 1924ರ ಕೇಬಲ್ ತಯಾರಕರು ಅನುಸರಿಸಿದ್ದೂ ಇದೇ ಕ್ರಮ. ಹದಗೊಂಡ ಕವಚ ಕೈಜಾರಿ ನೆಲಕ್ಕೆ ಬಿದ್ದರೆ ಅದರ ಗುಣ ಕುಂದುತ್ತದೆ. ಅದನ್ನು ಮತ್ತೆ ಕುಲುಮೆಗೇ ಕಳಿಸಬೇಕು.